ಖಾಜಾನ ಕೈ

ಸಿದ್ಧಲಿಂಗನ ದನಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಹಸಿರು ಗೆರೆಯಾಗಿ ಹರಡಿಕೊಂಡಿತ್ತು. ಅದರ ಕೆಳಗಿನ ಪಟ್ಟಿಯಲ್ಲಿ ಖಾಜಾನ ತಬಲಾ, ನೀಲಿ. ಪ್ರಾಣೇಶ ಹಸಿರನ್ನು ಆರಿಸಿಕೊಂಡು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಿಲ್ಲ.

"ಇನ್ನೂ ಅದನ್ನೇ ನೋಡ್ಲಿಕತ್ತೀರೇನು?" ಹೆಂಡತಿ ವೃಂದಾ ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟಳು. "ಮುಂಜಾನಿಂದ ಅಕ್ಕಿ ಆರಿಸಿದ್ಹಂಗ ಆರಸ್ಲಿಕತ್ತೀರಿ. ಕಲ್ಲು ಸಿಗವಲ್ದೇನು?"

"ಕಲ್ಲಲ್ಲ ಅದು."

"ನಿಮಗ ಕಲ್ಲಲ್ಲ. ಖಾಜಾನ ಹೆಂಡ್ತಿ ಅಖ್ತರ ಬೇಗಂಗ ಕಲ್ಲೇ." ಅವಳು ಪರದೆಯತ್ತ ಬಗ್ಗಿ ನೋಡಿದಳು. "ಅಳಸಿದ್ರ ಪೂರಾ ಹೋಗಿ ಬಿಡ್ತದಂತ ಹೆದರಿಕ್ಯೇನು? ನಿಮ್ಮ ಫೋನಿನ್ಯಾಗ ಇನ್ನೊಂದು ಇಟಗೊಂಡೇ ಇರ್ತೀರಿ, ನಂಗೊತ್ತಿಲ್ಲೇನು."

ಪ್ರಾಣೇಶ ಗುಂಡಿ ಒತ್ತಿದ. ಹಸಿರು ಗೆರೆ ಹೋಯಿತು. ನೀಲಿ ಮಾತ್ರ ಉಳಿಯಿತು.

ಈಗ ಸೇಡಂನ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ಪ್ರಾಣೇಶನಿಗೆ ಮೊದಲ ನೌಕರಿ ಸಿಕ್ಕಿದ್ದು ಶಹಾಬಾದದಲ್ಲಿ. ಆಗ ಅವನು ಬಾಡಿಗೆಗಿದ್ದ ಮನೆಯ ಹಿಂದೆಯೇ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯಿತ್ತು. ಭಂಕೂರದಿಂದ ಸೈಕಲ್ ತುಳಿದು ಬರುತ್ತಿದ್ದ ಸಿದ್ಧಲಿಂಗ ಅಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದ. ಖಾಜಾ ಕೊಯ್ಯುವ ಯಂತ್ರದ ಮೇಲಿದ್ದ. ರವಿವಾರ ಯಂತ್ರ ನಿಂತಾಗ ಇಬ್ಬರೂ ಷೆಡ್ಡಿನಲ್ಲಿ ಕೂರುತ್ತಿದ್ದರು; ಸಿದ್ಧಲಿಂಗ ತತ್ವಪದ ಹಾಡುತ್ತಿದ್ದ, ಖಾಜಾ ತಬಲಾ ಬಾರಿಸುತ್ತಿದ್ದ. ಗೋಡೆಯಾಚೆಯಿಂದ ಕೇಳುತ್ತಿದ್ದ ಪ್ರಾಣೇಶ ಒಂದು ರವಿವಾರ ಟೇಪ್‌ರೆಕಾರ್ಡರ್ ಹಿಡಿದುಕೊಂಡೇ ಹೋದ. ಇದ್ದದ್ದು ಒಂದೇ ಮೈಕು. ಬೋರಲು ಹಾಕಿದ ಬಕೆಟ್ಟಿನ ಮೇಲೆ, ಇಬ್ಬರ ನಡುವೆ, ಅದನ್ನಿಟ್ಟು ತುಂಬಿಸಿದ ಕ್ಯಾಸೆಟ್ಟುಗಳನ್ನು ಅವನು ಇಂದಿಗೂ ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾನೆ.

ತಂದೆ ತೀರಿಕೊಂಡ ವರ್ಷ, ಮನೆಯಲ್ಲಿ ತಾಯಿ ಪದ್ಮಾಬಾಯಿ ಬೆಳಗಿನಿಂದ ದಾಸರ ಪದ ಹೇಳುತ್ತ ದುಃಖ ಕಳೆಯುತ್ತಿದ್ದಾಗ, ಪ್ರಾಣೇಶನನ್ನು ಹಿಡಿದು ನಿಲ್ಲಿಸಿದ್ದು ಸಿದ್ಧಲಿಂಗನ ದನಿ. ಕಳೆದುಹೋದ ಆಕಳನ್ನು ಹುಡುಕುತ್ತ ಮನೆಮನೆಯ ಬಾಗಿಲು ಬಡಿಯುವವನ ಪದವೊಂದಿತ್ತು. ಅದನ್ನು ಹಾಡುವಾಗ ಸಿದ್ಧಲಿಂಗ ಒಂದು ಸಾಲನ್ನು ಹಿಡಿದರೆ ಎಲ್ಲಿಯೂ ಮುರಿಯುತ್ತಿರಲಿಲ್ಲ. ಕೇಳುವವರೇ ಉಸಿರು ಬಿಗಿಹಿಡಿಯಬೇಕು, ಅಷ್ಟು ಉದ್ದದ ಸಾಲು. ಕಲ್ಲಿನ ದೂಳು ಕುಡಿಯುವ ಎದೆಯಲ್ಲಿ ಇಷ್ಟು ಉಸಿರು ಹೇಗೆ ಉಳಿದಿದೆ ಎಂದು ಪ್ರಾಣೇಶ ಗೆಳೆಯರೆದುರು ಎಷ್ಟೋ ಸಲ ಬೆರಗಿನಿಂದ ಹೇಳಿದ್ದ.

ಆಮೇಲೆ ಮೊಬೈಲಿನ ಕಾಲ ಬಂತು. ಸಿದ್ಧಲಿಂಗನ ಹಾಡು ಊರೂರಿಗೆ ಹೋಯಿತು. ಹಾಡಲು ಕರೆದವರು ಮಾತಾಡಲೂ ಕರೆಯತೊಡಗಿದರು. ಚಿತ್ತಾಪುರದ ಒಂದು ವೇದಿಕೆಯಲ್ಲಿ ಅವನು, ಮುಸಲ್ಮಾನರ ಅಂಗಡಿಯಲ್ಲಿ ಒಂದು ಗುಂಡುಸೂಜಿಯನ್ನೂ ಕೊಳ್ಳಬೇಡಿ, ಗುಡಿಯ ಓಣಿಗಳಿಂದ ಅವರನ್ನು ಎಬ್ಬಿಸಿ ಎಂದು ಕೂಗಿ ಹೇಳಿದ. ಪದ ಹಾಡುವಾಗಿನ ದನಿಯೇ. ಅದೇ ಏರು, ಅದೇ ಇಳಿವು. ಜನ ಶಿಳ್ಳೆ ಹೊಡೆದರು. ಆ ಹೊತ್ತಿಗೆ ಖಾಜಾ ಕೆಮ್ಮು ಹತ್ತಿ ಕಾರ್ಖಾನೆ ಬಿಟ್ಟಿದ್ದ. ಶಹಾಬಾದದಲ್ಲಿ ಬಳೆಯ ಅಂಗಡಿ ಇಟ್ಟುಕೊಂಡಿದ್ದ, ಗುಡಿಯ ಓಣಿಯಲ್ಲೇ. ಅವನ ಹೆಂಡತಿ ಅಖ್ತರ ಬೇಗಂ ಹೆಂಗಸರಿಗೆ ಬಳೆ ತೊಡಿಸುತ್ತಿದ್ದಳು.

ಆ ವಿಡಿಯೋ ಎಲ್ಲರ ಫೋನಿಗೆ ಬಂದುಹೋದ ಮೇಲೆ ಖಾಜಾ ಯಾವುದೋ ಮದುವೆಗೆಂದು ಸೇಡಂಗೆ ಬಂದವನು ಪ್ರಾಣೇಶನ ಮನೆಗೂ ಬಂದಿದ್ದ.

"ಸಾರ್, ವಿಡಿಯೋ ನೋಡಿದ್ರೇನ್ರಿ?"

"ನೋಡ್ದೆ ಖಾಜಾ. ಭಾಳ ಕೆಟ್ಟನಿಸ್ತು." ಪ್ರಾಣೇಶ ಸ್ವಲ್ಪ ತಡೆದು, ತರಗತಿಯಲ್ಲಿ ಹೇಳುವ ರೀತಿಯಲ್ಲಿ ಹೇಳಿದ್ದ: "ಆದ್ರ ಹಾಡು ಬ್ಯಾರೆ, ಮಾತು ಬ್ಯಾರೆ. ಎರಡೂ ಕೂಡಸಬಾರ್ದು ನೋಡು."

ಖಾಜಾ ಬಸಿಯಲ್ಲಿದ್ದ ಚಹಾ ಆರಿಸುತ್ತ ಕೂತಿದ್ದ. "ಖರೇ ಅದರಿ. ಹಾಡಿನ್ಯಾಗ ನಾ ಇದ್ದೆ," ಎಂದ. ಒಂದು ಗುಟುಕು ಕುಡಿದು, "ಮಾತಿನ್ಯಾಗೂ ನಾನೇ ಇದ್ದೆನಲ್ರಿ ಸಾರ್," ಎಂದು ನಕ್ಕ. ನಗು ಕೆಮ್ಮಾಯಿತು. ವೃಂದಾ ನೀರು ತಂದುಕೊಟ್ಟಳು.

ಅವತ್ತೇ ಸಿದ್ಧಲಿಂಗನಿಗೆ ಫೋನು ಮಾಡಬೇಕೆಂದು ಪ್ರಾಣೇಶನಿಗೆ ಅನ್ನಿಸಿತ್ತು. ನಂಬರು ಇತ್ತು. ಏನೆಂದು ಶುರು ಮಾಡುವುದು ಎಂದು ಯೋಚಿಸುತ್ತಲೇ ದಿನ ಹೋದವು. ಸಂಜೆಯ ವಾಕಿಂಗಿನಲ್ಲಿ ಕಿವಿಗೆ ಇಯರ್‌ಫೋನು ಹಾಕಿಕೊಂಡು ಅವನು ಆ ಹಾಡುಗಳನ್ನು ಕೇಳುತ್ತಲೇ ಇದ್ದ. ಮೊದಲು ಸ್ಪೀಕರಿನಲ್ಲಿ ಹಚ್ಚುತ್ತಿದ್ದ, ಈಗ ಹಚ್ಚುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಖಾಜಾ ತೀರಿಕೊಂಡಾಗ ಸಿದ್ಧಲಿಂಗ ಮಣ್ಣಿಗೆ ಬರಲಿಲ್ಲ. ಪ್ರಾಣೇಶನೂ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದ. ರಜೆ ಕೇಳಿದ್ದರೆ ಸಿಗುತ್ತಿತ್ತು. ಹೋದವಳು ವೃಂದಾ. ಅವಳ ತವರು ಶಹಾಬಾದ, ಬಳೆಗೆ ಅವಳು ಇಂದಿಗೂ ಹೋಗುವುದು ಅದೇ ಅಂಗಡಿಗೆ.

ಹೀಗೆ ಹೋದಾಗಲೇ ಅಖ್ತರ ಬೇಗಂ ಅವಳ ಕೈ ಹಿಡಿದುಕೊಂಡು ಹೇಳಿದ್ದಳಂತೆ. ಬರುವ ವಾರ ಖಾಜಾನ ಬರಸಿ, ವರ್ಷದ ದಿನ. ಫೋಟೋ ಬೇಕಾದಷ್ಟಿವೆ, ಆದರೆ ಮನೆಯಲ್ಲಿ ಸಂಜೆಗೆ ಕೇಳುತ್ತಿದ್ದ ತಬಲಾದ ಆ ಕೈ ಎಲ್ಲಿಯೂ ಇಲ್ಲ. ಅದು ಸಾರ್ ಹತ್ತಿರದ ಕ್ಯಾಸೆಟ್ಟಿನಲ್ಲಿದೆ. ಆ ಮನುಷ್ಯನ ದನಿ ತೆಗೆದು ಇವರ ಕೈಯನ್ನಷ್ಟೇ ಕೊಡಲು ಬರುವುದೇ?

ಕೇಳಿದಾಗ ಪ್ರಾಣೇಶನಿಗೆ ಒಳಗೊಳಗೆ ಸಂತೋಷವೇ ಆಗಿತ್ತು. ಒಂದನ್ನು ಇನ್ನೊಂದರಿಂದ ಬೇರೆ ಮಾಡಬಹುದೆಂದು ತಾನು ಮಾತಿನಲ್ಲಿ ಹೇಳುತ್ತ ಬಂದದ್ದನ್ನು ಈಗ ಯಂತ್ರ ಮಾಡಿ ತೋರಿಸುತ್ತದೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ದನಿಯನ್ನೂ ವಾದ್ಯವನ್ನೂ ಬೇರ್ಪಡಿಸುವ ತಂತ್ರಾಂಶಕ್ಕೆ ಕೊಟ್ಟ. ಮೊದಲು ತಬಲಾದ ಹಿಂದೆ ಸಿದ್ಧಲಿಂಗ ಪಕ್ಕದ ಮನೆಯಲ್ಲಿ ಹಾಡಿದಂತೆ ಕೇಳುತ್ತಿತ್ತು. ಮತ್ತೆ ಮತ್ತೆ ಸೋಸಿದ. ಧ್ವನಿಯ ನಕ್ಷೆ ತೆಗೆದು, ಮನುಷ್ಯನ ದನಿ ಇರಬಹುದಾದ ಕಡೆಗಳಲ್ಲೆಲ್ಲ ಹುಡುಕಿ, ಉಳಿದ ಎಳೆಗಳನ್ನು ಒಂದೊಂದಾಗಿ ಕಿತ್ತ. ಇಷ್ಟೆಲ್ಲ ಮಾಡುವಾಗ ಅವನ ಕಿವಿ ಹುಡುಕುತ್ತಿದ್ದದ್ದು ಒಂದನ್ನೇ: ಸಿದ್ಧಲಿಂಗ ಇನ್ನೂ ಎಲ್ಲಾದರೂ ಇದ್ದಾನೆಯೇ. ಖಾಜಾ ಇದ್ದಾನೆಯೇ ಎಂದು ಅವನು ಒಮ್ಮೆಯೂ ಕೇಳಿ ನೋಡಲಿಲ್ಲ.

ರವಿವಾರ ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದ ತಲುಪಿದಾಗ ಬಿಸಿಲು ಏರಿತ್ತು. ಬಾಗಿಲು ತೆರೆದವನು ಖಾಜಾನ ಮಗ ಮುಜಾಹಿದ್. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಮುಖ ತಂದೆಯದೇ, ನಗು ಮಾತ್ರ ಇಲ್ಲ.

"ಬರ್ರಿ ಸಾರ್, ಕುಂದ್ರಿ." ಪ್ರಾಣೇಶ ಚಿಕ್ಕ ಸ್ಪೀಕರನ್ನು ಚೀಲದಿಂದ ತೆಗೆಯುವುದನ್ನು ಅವನು ನಿಂತೇ ನೋಡಿದ. "ಆ ದನಿ ಪೂರಾ ಹೋಗ್ಯಾದಲ್ರಿ?"

"ಒಂದೆಳಿ ಉಳಿದಿಲ್ಲ."

"ಸಿಟ್ಟಾಗಬ್ಯಾಡ್ರಿ. ನನಗ ಹಾಡಿನ ಮ್ಯಾಲ ಸಿಟ್ಟಿಲ್ಲ. ಸಣ್ಣವಿದ್ದಾಗ ಅವನ ತೊಡಿ ಮ್ಯಾಲೇ ಮಕ್ಕೊಂಡೀನಿ ನಾ. ಆದ್ರ ಈಗ ಆ ದನಿ ಶುರುವಾತಂದ್ರ ನನಗ ಆ ವಿಡಿಯೋನೇ ಕೇಳ್ತದ. ಅದಕ್ಕ ಈ ಮನ್ಯಾಗ ಬ್ಯಾಡಂತ ಹೇಳೀನಿ."

ಅಖ್ತರ ಬೇಗಂ ಒಳಗಿನಿಂದ ಬಂದು ಚಾಪೆಯ ಮೇಲೆ ಕೂತಳು. "ವೃಂದಾಬಾಯಿ ಬರಲಿಲ್ಲೇನ್ರಿ? ಬಳಿ ತಗದಿಟ್ಟಿದ್ದೆ," ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಹಚ್ರಿ ಸಾರ್."

ಪ್ರಾಣೇಶ ಹಚ್ಚಿದ. ತಬಲಾ ಶುರುವಾಯಿತು, ಶುದ್ಧವಾಗಿ, ಯಾವ ಗದ್ದಲವೂ ಇಲ್ಲದೆ. ಅವನು ಅವಳ ಮುಖ ನೋಡುತ್ತ ಕೂತ. ಆ ಮುಖದಲ್ಲಿ ಮೊದಲು ಕಾತರವಿತ್ತು. ಆಮೇಲೆ ಹುಬ್ಬು ಕೂಡಿಕೊಂಡವು. ಬೇರೆಯವರ ಮನೆಗೆ ಬಂದು ಕೂತವಳಂತೆ ಅವಳು ಸುತ್ತ ನೋಡಿದಳು.

"ಇದು ಯಾರ್ದು ಸಾರ್?"

"ಖಾಜಾಂದೇ ಭಾಬಿ."

"ಅಲ್ರಿ." ಅವಳು ತಲೆಯಲ್ಲಾಡಿಸಿದಳು. "ಯಾರೋ ಕಲಿಯಾಕ ಬಂದವಂದು ಅದ. ನೋಡ್ರಿ, ಇಲ್ಲಿ ನಿಂತ. ನಡುವ ಸುಮ್ಕ ಓಡ್ದ. ಮತ್ತ ನಿಂತ. ಅವ್ರು ಹಿಂಗ ಬಾರಸ್ತಿದ್ದಿಲ್ಲ."

"ಅಮ್ಮಿ, ಅಬ್ಬಾಂದೇ ಇರಬೇಕದು," ಎಂದ ಮುಜಾಹಿದ್. ಆದರೆ ಅವನ ದನಿಯಲ್ಲೂ ಅನುಮಾನವಿತ್ತು.

ಆಗ ಪ್ರಾಣೇಶ ಮೊದಲ ಬಾರಿಗೆ ತಬಲಾವನ್ನು ಕೇಳಿದ. ಅವಳು ಹೇಳಿದ್ದು ನಿಜವಾಗಿತ್ತು. ಬಡಿತಗಳು ಏನನ್ನೋ ಕಾಯುತ್ತ ನಿಲ್ಲುತ್ತಿದ್ದವು, ಕಾರಣವಿಲ್ಲದೆ ಒತ್ತೊತ್ತಾಗಿ ಬಂದು, ಎಡಗೈಯ ಡಗ್ಗಾ ಒಮ್ಮೆಲೆ ಗುಡುಗಿ ಸುಮ್ಮನಾಗುತ್ತಿತ್ತು. ಅವನು ಸ್ಪೀಕರು ನಿಲ್ಲಿಸಿ, ಫೋನಿಗೆ ಇಯರ್‌ಫೋನು ಸಿಕ್ಕಿಸಿ, ವೃಂದಾ ಅಂದಂತೆ ಅಳಿಸದೆ ಇಟ್ಟುಕೊಂಡಿದ್ದ ಮೂಲ ಹಾಡನ್ನು ಕಿವಿಗೆ ಹಾಕಿಕೊಂಡ. ಸಿದ್ಧಲಿಂಗನ ಸಾಲು ಏರಿ, ಎಳೆದು, ಇನ್ನೇನು ತುಂಡಾಗಬೇಕು ಎನ್ನುವ ಕಡೆಗೆ ಡಗ್ಗಾ ಗುಡುಗಿತು. ಗುಡುಗಿನ ಆಚೆ ಸಾಲು ಮುಂದುವರಿದಿತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಇನ್ನೊಂದು ಸಾಲು ಕೇಳಿದ. ಎಲ್ಲ ಕಡೆಗೂ ಹಾಗೆಯೇ.

ಕಿವಿಯಿಂದ ಇಯರ್‌ಫೋನು ತೆಗೆದ.

"ಸಿದ್ಧಲಿಂಗಗ ಉಸುರು ಸಾಲ್ತಿದ್ದಿಲ್ಲ ಭಾಬಿ," ಎಂದ. "ನಡುವ ಕಡೀತಿತ್ತು. ಅದು ಯಾರಿಗೂ ಕೇಳಬಾರ್ದಂತ ಖಾಜಾ ಅಲ್ಲಲ್ಲಿ ಕೈ ಹಾಕಿ ಮುಚ್ಯಾನ. ಅವನ ದನಿ ತಗದಿದ್ದಕ್ಕ ಇದು ಹಿಂಗ ಕೇಳ್ತದ. ನನ್ನ ತಪ್ಪದು. ಖಾಜಾಂದಲ್ಲ."

ಅಖ್ತರ ಬೇಗಂ ನೆಲದ ಫರಸಿಯ ಮೇಲೆ ಕಣ್ಣಿಟ್ಟಿದ್ದಳು. "ಭಾಳ ಜೀವ ಇತ್ರಿ ಅವನ ಮ್ಯಾಲ ಇವರ್ದು. ದವಾಖಾನ್ಯಾಗ ಮಕ್ಕೊಂಡು, ಬಾಗಲ ಸಪ್ಪಳಾದಾಗೊಮ್ಮೆ, ಸಿದ್ಧ್ಯಾ ಬಂದಾನೇನು ನೋಡು, ಅಂತಿದ್ರು." ತಲೆಯೆತ್ತಿ ಪ್ರಾಣೇಶನನ್ನು ನೋಡಿದಳು. ಆ ನೋಟದಲ್ಲಿ ಆಪಾದನೆ ಇರಲಿಲ್ಲ. "ನಿಮ್ಮ ಮಾತು ಕೇಳ್ತಿದ್ದ ಅವ. ನೀವೊಂದು ಮಾತು ಹೇಳಿದ್ರ ಬರ್ತಿದ್ನೋ ಏನೋ, ಸಾರ್."

ಪ್ರಾಣೇಶ ಇಯರ್‌ಫೋನಿನ ವಯರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತ.

"ಪೂರಾ ಹಾಡು ಅದಲ್ರಿ ನಿಮ್ಮ ಕಡಿ?" ಅವಳೇ ಕೇಳಿದಳು. "ಅದನ್ನ ಹಚ್ರಿ."

ಮುಜಾಹಿದ್ ಗೋಡೆಯಿಂದ ಬೆನ್ನು ಕಿತ್ತು ನೆಟ್ಟಗೆ ನಿಂತ. "ಅಮ್ಮಿ. ಈ ಮನ್ಯಾಗ ಬ್ಯಾಡಂದೀನಿ."

"ಮನ್ಯಾಗ ಬ್ಯಾಡಪ್ಪ. ನಿನ್ನ ಮಾತು ನಾ ಮುರಿಯಾಂಗಿಲ್ಲ." ಅವಳು ಮೊಣಕಾಲಿಗೆ ಕೈಯೂರಿ ಎದ್ದಳು, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. "ನಾ ಹೊರಗ ಕುಂದುರ್ತೀನಿ. ಬರ್ರಿ ಸಾರ್."

ಓಣಿಯಲ್ಲಿ ಗೋಡೆಯ ನೆರಳು ಒಂದು ಪಟ್ಟಿಯಷ್ಟೇ ಉಳಿದಿತ್ತು. ಅವಳು ಅಲ್ಲಿ ಚಾಪೆ ಹಾಸಿ, ತನ್ನ ಮನೆಯ ಬಾಗಿಲನ್ನು ತಾನೇ ಎಳೆದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ಪ್ರಾಣೇಶ ಚಪ್ಪಲಿ ಬಿಟ್ಟು ಚಾಪೆಯ ತುದಿಯಲ್ಲಿ ಕೂತು ಸ್ಪೀಕರನ್ನು ನಡುವೆ ಇಟ್ಟ. ಹಾಡು ಶುರುವಾಗುವುದಕ್ಕೂ ಒಳಗೆ ಮುಜಾಹಿದ್ ನೀರಿನ ಮೋಟಾರು ಹಾಕುವುದಕ್ಕೂ ಸರಿಹೋಯಿತು. ಮುಚ್ಚಿದ ಬಾಗಿಲಿನ ಹಿಂದೆ ಅದು ಗರ್ ಎಂದು ಹೊಡೆದುಕೊಳ್ಳತೊಡಗಿತು. ಅಖ್ತರ ಬೇಗಂ ಸ್ಪೀಕರನ್ನು ತನ್ನ ಹತ್ತಿರಕ್ಕೆ ಸರಿಸಿಕೊಂಡಳು.

ಸಿದ್ಧಲಿಂಗ ಹಾಡುತ್ತಿದ್ದ. ಎಷ್ಟು ಸಲ ಕೇಳಿದ ಹಾಡು! ಈಗ ಪ್ರಾಣೇಶನಿಗೆ ಅದರ ಬಿರುಕುಗಳು ಮಾತ್ರ ಕೇಳುತ್ತಿದ್ದವು. ಪ್ರತಿ ಬಿರುಕಿನಲ್ಲೂ ಖಾಜಾ ಮುಂಚೆಯೇ ಬಂದು ನಿಂತಿರುತ್ತಿದ್ದ, ಎಡವುವವನ ರಟ್ಟೆ ಹಿಡಿದು ಮುಂದೆ ದಾಟಿಸಿ ಬಿಟ್ಟುಬಿಡುತ್ತಿದ್ದ. ಒಂದು ಕಡೆ, ಹೀಗೆ ದಾಟಿದ ಮೇಲೆ, ಹಾಡುತ್ತಲೇ ಸಿದ್ಧಲಿಂಗ ಸಣ್ಣಗೆ ನಕ್ಕದ್ದೂ ಕೇಳಿಸಿತು. ಅಷ್ಟು ವರ್ಷ ಅದನ್ನು ಟೇಪಿನ ದೋಷವೆಂದು ತಿಳಿದಿದ್ದ ಪ್ರಾಣೇಶ. ಅಖ್ತರ ಬೇಗಂ ಕಣ್ಣು ಮುಚ್ಚಿದ್ದಳು. "ಹಾಂ. ಇದು ಅವರ್ದು," ಎಂದಳು, ತನಗೇ ಹೇಳಿಕೊಂಡಂತೆ.

ಎದುರು ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದ ಮುದುಕಿ ಅಮೃತಮ್ಮ ಕತ್ತು ಚಾಚಿದಳು. "ಏನವ್ವಾ, ಬಿಸಲಾಗ ಹೊರಗ ಕುಂತೀದಿ? ಯಾರವ್ವಾ ಹಾಡಾಕತ್ತಾರ, ಭಾಳ ಛಂದದ."

ಅಖ್ತರ ಬೇಗಂ ಕಣ್ಣು ತೆರೆಯಲಿಲ್ಲ.

"ಬಾರಸಾಕತ್ತವ್ರು ನಮ್ಮನಿಯವ್ರು, ಅಮೃತಮ್ಮ."

ಅಮೃತಮ್ಮ ಪಲ್ಯವನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಕೇಳುತ್ತ ಕೂತಳು. ಹಾಡು ಕೊನೆಯ ಸಾಲಿಗೆ ಬರುವಷ್ಟರಲ್ಲಿ ನೆರಳು ಇನ್ನಷ್ಟು ಗೋಡೆಗೆ ಸರಿದು, ಪ್ರಾಣೇಶನ ಒಂದು ಭುಜ ಬಿಸಿಲಿಗೆ ಬಂದಿತ್ತು. ಆ ಸಾಲು ಎಲ್ಲಕ್ಕಿಂತ ಉದ್ದ. ಅದು ನಡುವಿಗೆ ಬಂದಾಗ ಒಳಗೆ ಮೋಟಾರಿನ ಸದ್ದು ನಿಂತಿತು.

ಬಾಗಿಲು ತೆರೆಯಲಿಲ್ಲ. ಓಣಿಯಲ್ಲಿ ಈಗ ಹಾಡು ಇನ್ನೂ ಸ್ಪಷ್ಟವಾಗಿ ಕೇಳುತ್ತಿತ್ತು.