ಹ್ಞೂಂ ಅನ್ನುವವರು

ಕೆಂಪವ್ವ ಎದ್ದು ನಿಂತಳು. ಪರಕಾರದ ಚುಂಗು ಹಿಡಿದು "ಒಂದ್ ಊರಾಗ ಒಂದ್ ಗುಬ್ಬಿ ಇತ್ತಂತ" ಎಂದಳು, ಎದುರು ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದಳು, ಕೂತುಬಿಟ್ಟಳು. ಐದು ದಿನದಲ್ಲಿ ಇದು ಮೂರನೆಯ ಸಲ.

ಮೂಡಲಗಿ ದಾರಿಯ ಹೊಲದ ಬದುವಿಗೆ ನೀಲಿ ತಾಡಪತ್ರಿ ಕಟ್ಟಿ ಮಾಡಿದ ಡೇರೆ ಶಾಲೆ ಅದು. ವಿಜಯಪುರದ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನ ಇಪ್ಪತ್ತೆರಡು ಮಕ್ಕಳು, ಅವರಿಗೊಬ್ಬಳೇ ಟೀಚರ್ ಭಾಗ್ಯಾ. ಈಗ ಹದಿನೈದು ದಿನದ ಸೇವೆಗೆಂದು ಐರ್ಲೆಂಡಿನಿಂದ ಆರು ಜನ ಕಾಲೇಜು ವಿದ್ಯಾರ್ಥಿಗಳು ಬಂದಿದ್ದರು. ಅವರ ಮಾತನ್ನು ಮಕ್ಕಳಿಗೆ, ಮಕ್ಕಳ ಮಾತನ್ನು ಅವರಿಗೆ ದಾಟಿಸುವ ಕೆಲಸವೂ ಅವಳ ಪಾಲಿಗೇ ಬಂದಿತ್ತು.

ಆ ಗುಂಪಿನ ಮುಂದಾಳು ಓರ್ಲಾ. ನಮ್ಮ ಬಿಸಿಲಿಗೆ ಮೂಗಿನ ತೊಗಲು ಸುಲಿದುಕೊಂಡ ಹುಡುಗಿ. ಅವಳು ವಹಿಯಲ್ಲಿ ಬರೆದದ್ದನ್ನು ಭಾಗ್ಯಾ ಇಣುಕಿ ಓದಿದಳು: 'ಮಕ್ಕಳಿಗೆ ತುಂಬ ಸಂಕೋಚ. ಪ್ರತಿಕ್ರಿಯೆ ಇಲ್ಲ.'

ಭಾಗ್ಯಾಗೆ ಕಬ್ಬಿನ ರವದಿಯ ಒಣ ಎಲೆ ಮೈಗೆ ಗೀರಿದಂತಾಯಿತು. ಡೇರೆ ಶಾಲೆ ನಡೆಸುವ ಸಂಸ್ಥೆಯ ಕಾಶಿನಾಥ ಸರ್ ಹೇಳಿಯೇ ಹೋಗಿದ್ದರು: "ಶನಿವಾರ ಬಂದ್ ನೋಡ್ತೇನಿ. ಹುಡುಗೂರು ಬಾಯಿ ಬಿಟ್ರ ಸಾಲಿ ಮಾರ್ಚ್ ತನಕ ನಡೀತೈತಿ. ಇಲ್ಲಂದ್ರ ಡೇರೆ ಬಿಚ್ಚಿ ಸಂಕೇಶ್ವರಕ್ಕ ಒಯ್ಯೂದು. ಅಲ್ಲೂ ಗ್ಯಾಂಗ್ ಅದಾವ." ಡೇರೆ ಬಿಚ್ಚಿದ ಮರುದಿನವೇ ಕೆಂಪವ್ವ ತಮ್ಮನನ್ನು ಟೊಂಕದ ಮೇಲೆ ಹೊತ್ತು ಹೊಲಕ್ಕೆ ಹೋಗುವವಳು. ಇದು ಭಾಗ್ಯಾಗೆ ಗೊತ್ತಿತ್ತು. ಬಿಚ್ಚಲು ಬಿಡಬಾರದೆಂದು ಆಗಲೇ ಹಲ್ಲು ಕಚ್ಚಿದ್ದಳು.

"ಯಾಕ ಕೂತ್ಯವ್ವಾ? ಕಥಿ ಮರತ್ಯೇನು?" ಎಂದು ಶುಕ್ರವಾರ ಸಂಜೆ ಕೇಳಿದಳು.

"ಮರತಿಲ್ಲಕ್ಕ. ಯಾರೂ ಕೇಳಾಕ ಒಲ್ಲರು."

"ಎಲ್ಲಾರೂ ಕಣ್ಣು ಬಿಟಗೊಂಡು ಕುಂತಿರ್ತಾರಲ್ಲ."

"ನೋಡಾಕತ್ತಾರ. ಕೇಳಾಕತ್ತಿಲ್ಲ," ಎಂದು ಕೆಂಪವ್ವ ಕಲ್ಲು ಒದೆಯುತ್ತ ಹೋದಳು.

ಶನಿವಾರ ಬೆಳಿಗ್ಗೆ ಯಮಕನಮರಡಿಯ ಮನೆಯಲ್ಲಿ ಅಜ್ಜಿ ಬಾಳವ್ವ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಹೆರಳು ಹಾಕುತ್ತಿದ್ದಳು. ಹೆರಳಿನ ಜೊತೆಗೆ ಕಥೆಯನ್ನೂ ಹೆಣೆಯುವುದು ಅವಳ ರೂಢಿ. ಏಳು ಬಾವಿಗಳ ಆಚೆ ಇದ್ದ ರಾಜಕುಮಾರಿಯ ಕೈ ಹಿಡಿದೇ ಭಾಗ್ಯಾ ದೊಡ್ಡವಳಾದದ್ದು. ಇವತ್ತು ಮಾತ್ರ ಮನಸ್ಸು ಡೇರೆಯಲ್ಲಿತ್ತು. ಒಂದು ಹೆರಳು ಮುಗಿದು ಎರಡನೆಯದರ ನಡುವೆ ಅಜ್ಜಿಯ ಕೈ ನಿಂತಿತು. ಬಾಚಣಿಗೆ ಕೂದಲಲ್ಲೇ ಉಳಿಯಿತು.

"ಯಾಕ ನಿಂತಿ ಅಜ್ಜಿ?"

"ನೀ ಹ್ಞೂಂ ಅನ್ನೂದು ಬಿಟ್ಟೆಲ್ಲಾ. ನಿನ್ನ ಬೆನ್ನಿಗೆ ಹೇಳ್ಲೇನು ಕಥಿ? ಗಪ್ ಕುಂತವರಿಗೆ ಹೇಳೂದೂ ಒಂದ, ಗ್ವಾಡಿಗೆ ಹೇಳೂದೂ ಒಂದ."

ಭಾಗ್ಯಾ ತಟ್ಟನೆ ಎದ್ದಳು. ಮೊದಲ ದಿನ ಓರ್ಲಾ ಹೇಳಿದ್ದಳು: ಒಬ್ಬರು ಮಾತಾಡುವಾಗ ಉಳಿದವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನೆ ಕೇಳಬೇಕು, ಅದೇ ಗೌರವ. ಒಂದಕ್ಷರ ಬಿಡದೆ ಅದನ್ನು ಕನ್ನಡ ಮಾಡಿ, ಇಪ್ಪತ್ತೆರಡು ಬಾಯಿಗೆ ಬೀಗ ಜಡಿದವಳು ಯಾರು? ತಾನೇ. ಹುಟ್ಟಿದಾಗಿನಿಂದ ಹ್ಞೂಂ ಅಂದು ಬೆಳೆದವಳು.

"ಒಂದ್ ಹೆರಳು ಬಿಚ್ಚೇ ಐತಲ್ಲೇ ಹುಚ್ಚಿ," ಎಂದಳು ಅಜ್ಜಿ.

"ಗೋಕಾಕದಾಗ ಬಸ್ ಬದಲಿಸುಮುಂದ ಹಾಕ್ಕೋತೇನಿ."

ಹಾಕಿಕೊಳ್ಳಲಿಲ್ಲ. ಹಾಗೇ ಡೇರೆಗೆ ಬಂದು ಆರೂ ಜನರನ್ನು ನಿಲ್ಲಿಸಿ, ಇಲ್ಲಿ ಕಥೆ ಕೇಳುವವರು ಮಾತುಮಾತಿಗೂ ಹ್ಞೂಂ ಅನ್ನಬೇಕು ಎಂದು ಹೇಳಿದಳು. ಓರ್ಲಾಗೆ ನಂಬಿಕೆಯಾಗಲಿಲ್ಲ.

"ನಡುವೆ ಬಾಯಿ ಹಾಕಿದರೆ ಅವಳಿಗೆ ಅವಮಾನ ಅಲ್ಲವೇ?"

"ಸುಮ್ಮನೆ ಕೂತರೇ ಅವಮಾನ. ಸಾಕು, ನಿಲ್ಲಿಸು ಅಂದ ಹಾಗೆ. ನಾನು ಮೊದಲೇ ಹೇಳಬೇಕಿತ್ತು."

ಅಷ್ಟರಲ್ಲಿ ಬಂದ ಕಾಶಿನಾಥ ಸರ್ ಕುರ್ಚಿ ಎಳೆದುಕೊಂಡು, ಶಾಲೆ ನಡೆಸುವುದೋ ಬಿಚ್ಚುವುದೋ ಎಂದು ಬರೆಯುವ ಫಾರ್ಮು ತೊಡೆಯ ಮೇಲೆ ಹರವಿದರು. ಭಾಗ್ಯಾ ಮಕ್ಕಳ ಕಡೆ ತಿರುಗಿದಳು. "ಬಾಯಿ ಮ್ಯಾಲಿನ ಬಟ್ಟು ತಗೀರಿ. ತಪ್ಪು ನಂದು. ಮನ್ಯಾಗ ಹೆಂಗ ಕೇಳ್ತೀರಿ, ಹಂಗ ಕೇಳ್ರಿ."

ಕೆಂಪವ್ವ ಎದ್ದಳು. "ಒಂದ್ ಊರಾಗ ಒಂದ್ ಗುಬ್ಬಿ ಇತ್ತಂತ."

"ಹ್ಞೂಂ," ಅಂದವು ಇಪ್ಪತ್ತೊಂದು ಬಾಯಿ. ಹಿಂದಿನಿಂದ ಆರು ಬಾಯಿ ತಡವಾಗಿ, ಎತ್ತು ನಿದ್ದೆಗಣ್ಣಲ್ಲಿ ಮುಲುಕಿದಂತೆ. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಗದ್ದಲ ಆತಲ್ಲ ಭಾಗ್ಯಾ," ಎಂದರು ಸರ್.

"ಆಗಲ್ರಿ ಸರ್. ಸ್ವಲ್ಪ ತಡೀರಿ."

"ಆ ಗುಬ್ಬಿ ಕಬ್ಬಿನ ಗಾಡ್ಯಾಗ ಗೂಡು ಕಟ್ಟಿತಂತ."

"ಹ್ಞೂಂ."

"ಗಾಡಿ ಫ್ಯಾಕ್ಟರಿಗೆ..."

"ಹ್ಞೂಂ," ಎಂದಳು ಓರ್ಲಾ.

ಕೆಂಪವ್ವ ಸೊಂಟದ ಮೇಲೆ ಕೈಯಿಟ್ಟಳು. "ಮಾತ ಮುಗೀಲಿ ಓರ್ಲಕ್ಕ. ನಡುವ ಹ್ಞೂಂ ಅಂದ್ರ ಗಾಡಿ ದಾರ್‍ಯಾಗ ನಿಂದರ್ತೈತಿ."

ಓರ್ಲಾ ಬೈಸಿಕೊಂಡ ಸೊಸೆಯಂತೆ ತಲೆ ತಗ್ಗಿಸಿದಳು. ಗಾಡಿ ಮುಂದೆ ಹೋಯಿತು. ಕಬ್ಬು ಇಳಿಸುವಾಗ ಗೂಡು ಚದುರಿತು, ಗುಬ್ಬಿ ಗಾಡಿಕಾರನ ತಲೆಯ ರುಮಾಲಿನಲ್ಲಿ ಮೊಟ್ಟೆ ಇಟ್ಟಿತು. ಅವನು ಸಾಹುಕಾರನಿಗೆ ತಲೆಬಾಗಿಸಿದರೆ ಮೊಟ್ಟೆ ಬೀಳುತ್ತದೆ, ಬಾಗಿಸದಿದ್ದರೆ ಕೆಲಸ ಹೋಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಭಾಗ್ಯಾ ಕನ್ನಡದಿಂದ ಇಂಗ್ಲಿಷಿಗೆ ಓಡಿ ಓಡಿ ಏದುಸಿರು ಬಿಡುತ್ತಿದ್ದಳು. ಯಾರೋ ಗಂಡಸು ದಪ್ಪ ದನಿಯಲ್ಲಿ ಹ್ಞೂಂ ಅನ್ನುತ್ತಿದ್ದ. ತಿರುಗಿ ನೋಡಿದರೆ ಕಾಶಿನಾಥ ಸರ್. ಫಾರ್ಮು ನೆಲಕ್ಕೆ ಜಾರಿತ್ತು.

ಗಾಡಿಕಾರ ಬಾಗಲಿಲ್ಲ. ಮರಿಗಳು ಹಾರಿದವು. ಕೆಂಪವ್ವ ಕೂತಳು, ಈ ಸಲ ಕಥೆ ಮುಗಿಸಿ.

ಓರ್ಲಾ ವಹಿ ತೆಗೆದು ಹಳೆಯ ಎರಡು ಸಾಲು ಹೊಡೆದುಹಾಕಿದಳು. ಕೆಳಗೆ ಬರೆದಳು: 'ಕೇಳಲು ಬಾರದವರು ನಾವು. ಕಲಿಯುತ್ತಿದ್ದೇವೆ.'

"ನಡಸವ್ವಾ ಮಾರ್ಚ್ ತನಕ," ಎಂದು ಸರ್ ಎದ್ದರು.

"ಇನ್ನ ಎಂಟ್ ದಿನಕ್ಕ ಗ್ಯಾಂಗ್ ಬ್ಯಾರೆ ಹೊಲಕ್ಕ ಹೊಕ್ಕೈತ್ರಿ ಸರ್. ಅದು ಎಲ್ಲಿ ಹೊಕ್ಕೈತಿ ಅಲ್ಲಿಗೇ ಸಾಲಿ ಹೋಗಬೇಕು."

"ಹ್ಞೂಂ."

ಭಾಗ್ಯಾ ನೆಲದ ಮೇಲಿನ ಫಾರ್ಮು ಎತ್ತಿ, ಧೂಳು ಝಾಡಿಸಿ, ಪೆನ್ನಿನ ಜೊತೆ ಅವರ ಮುಂದೆ ಹಿಡಿದಳು. ಬಿಚ್ಚಿದ ಹೆರಳು ಗಾಳಿಗೆ ಬಾಯಿಗೆ ಬರುತ್ತಿತ್ತು, ಸರಿಸಿಕೊಳ್ಳಲಿಲ್ಲ.

"ಹ್ಞೂಂ ಕಥಿಗೆ ಸಾಕ್ರಿ ಸರ್. ಇದಕ್ಕ ಸಹಿ ಬೇಕು."