ತಳದವರೆಗೂ ಒಂದೇ ಹಣ್ಣು

ನಾನು ಟೊಮೆಟೊ ತುಂಬುವ ಒಂದು ಮರದ ಪೆಟ್ಟಿಗೆ. ಹುಟ್ಟಿದ್ದು ಆಫ್ರಿಕಾದ ಜಾಂಬಿಯಾ ದೇಶದಲ್ಲಿ. ರಸ್ತೆ ಬದಿಯ ಬಡಗಿಯೊಬ್ಬ ಮಂಚ ಮಾಡಿ ಉಳಿದ ಪಟ್ಟಿಗಳನ್ನು ಜೋಡಿಸಿ ಮೊಳೆ ಹೊಡೆದ. ರೂಪ ಅಷ್ಟಕ್ಕಷ್ಟೇ, ಮೈ ಮಾತ್ರ ಗಟ್ಟಿ.

ನನ್ನನ್ನು ಕೊಂಡವಳು ಮುತಿಂತಾ. ಅಂಗೈಯಗಲದ ಹೊಲ ಅವಳದು. ತೊರೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಟೊಮೆಟೊ ಬೆಳೆಯುತ್ತಿದ್ದಳು. ಅಂಥ ದುಡಿಯುವ ಕೈಗಳನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಲುಸಾಕಾ ನಗರದ ಮಾರುಕಟ್ಟೆಯಲ್ಲಿ ಒಂದು ಪದ್ಧತಿಯಿತ್ತು. ಪೆಟ್ಟಿಗೆಯ ಮೇಲ್ಭಾಗ ನೋಡಿಯೇ ಬೆಲೆ ಕಟ್ಟಬೇಕು, ಒಳಗೆ ಕೈ ಹಾಕುವಂತಿಲ್ಲ. ಹಾಗಾಗಿ ಸಣ್ಣ ರೈತರೆಲ್ಲ ದಪ್ಪ ಹಣ್ಣನ್ನು ಮೇಲಿಟ್ಟು, ಗೋಲಿಯಂಥವನ್ನು ತಳಕ್ಕೆ ತಳ್ಳುತ್ತಿದ್ದರು. ಮುತಿಂತಾ ಮಾತ್ರ ತಳದವರೆಗೂ ಒಂದೇ ಸಮನಾದ ಹಣ್ಣು ತುಂಬುತ್ತಿದ್ದಳು. ಮೇಲೆ ದಪ್ಪ ಹಣ್ಣಿಲ್ಲದೆ ಬೆಲೆ ಏರದು ಅಂತ ದಲ್ಲಾಳಿ ಚಿಸಂಗಾ ಅದನ್ನು ಕಂಡು ಹಣೆ ಚಚ್ಚಿಕೊಳ್ಳುತ್ತಿದ್ದ.

ಒಂದು ದಿನ ಗಡಿಯಾಚೆಯ ದೊಡ್ಡ ತೋಟದ ಲಾರಿ ಬಂತು. ಅದರ ಹಣ್ಣು ಮೇಲೂ ಕೆಳಗೂ ಒಂದೇ ಥರ, ಕಣ್ಣುಮುಚ್ಚಿ ಕೊಳ್ಳಬಹುದು ಅಂತ ಎಲ್ಲರೂ ಅತ್ತಲೇ ನುಗ್ಗಿದರು. ನಮ್ಮ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಬಿಸಿಲೇರಿತು. ಸಂಜೆಯೊಳಗೆ ಮಾರದಿದ್ದರೆ ಹಣ್ಣು ಮೆತ್ತಗಾಗುತ್ತಿತ್ತು, ಮುಂದಿನ ಬೆಳೆಗೆ ಬೀಜ ಕೊಳ್ಳಲೂ ದುಡ್ಡಿಲ್ಲದಂತಾಗುತ್ತಿತ್ತು.

ಮುತಿಂತಾ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ನೆಲಕ್ಕೆ ಹಾಸಿದಳು. ನನ್ನನ್ನು ಎತ್ತಿ, ಮೆಲ್ಲಗೆ ಬೋರಲು ಹಾಕಿಬಿಟ್ಟಳು. ಆ ಮಾರುಕಟ್ಟೆಯಲ್ಲಿ ಅಂಥ ಕೆಲಸ ಯಾರೂ ಮಾಡಿರಲಿಲ್ಲ. ಚಿಸಂಗಾ ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಬಸ್ ನಿಲ್ದಾಣದ ಬಳಿ ತರಕಾರಿ ಮಾರುವ ನಮುಕೊಲೊ ಲಾರಿ ಕಡೆ ಹೊರಟಿದ್ದವಳು ನಿಂತಳು. ಕುಕ್ಕರಗಾಲಲ್ಲಿ ಕೂತು, ತಳದಿಂದ ಬಂದ ಹಣ್ಣುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಅಲ್ಲಿ ತಾಯಿಯಂಥವರನ್ನು ‘ಬಾಮಾಯೊ’ ಅನ್ನುತ್ತಾರೆ.

“ಎಲ್ಲಾ ಒಂದೇ ಥರ ಇದೆಯಲ್ಲ, ಬಾಮಾಯೊ. ಇನ್ನು ಆ ಲಾರಿ ಹತ್ತಿರ ನಾನ್ಯಾಕೆ ಹೋಗಲಿ?”

ಅಂದಿನಿಂದ ಪ್ರತಿ ಸಂತೆಯಲ್ಲೂ ನಾನು ಬೋರಲಾಗುವುದೇ ಆಯಿತು. ಪಕ್ಕದ ಪೆಟ್ಟಿಗೆಗಳು ಸೆಟೆದು ಕೂತಿರುತ್ತಿದ್ದವು, ನನ್ನದು ಮಾತ್ರ ನಿತ್ಯ ಶೀರ್ಷಾಸನ. ಆದರೂ ಹೆಮ್ಮೆಯೆಂದರೆ ಹೆಮ್ಮೆ. ಎಷ್ಟೋ ಸಂತೆಗಳ ನಂತರ ಒಮ್ಮೆ ಮುತಿಂತಾ ನನ್ನನ್ನು ಎತ್ತುವಾಗ ನಮುಕೊಲೊ ಅವಳ ಕೈ ಹಿಡಿದಳು.

“ಬಿಡಿ ಬಾಮಾಯೊ, ಹಣ್ಣಿಗೆ ಪೆಟ್ಟಾಗುತ್ತೆ.”

ಮುತಿಂತಾ ನನ್ನನ್ನು ನೆಟ್ಟಗೆ ಕೆಳಗಿಟ್ಟಳು. ಹಾಸಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಸೊಂಟಕ್ಕೆ ಸುತ್ತಿಕೊಂಡಳು.

ಈಗ ನನ್ನ ಪಟ್ಟಿಗಳು ಸಡಿಲವಾಗಿವೆ. ಅವಳ ಅಂಗಳದ ಮೂಲೆಯಲ್ಲಿ ಮಣ್ಣು ತುಂಬಿಕೊಂಡು ಸಸಿಗಳನ್ನು ಸಾಕುತ್ತಿದ್ದೇನೆ. ಹೊಸ ಪೆಟ್ಟಿಗೆಗಳು ಸಂತೆಗೆ ಹೋಗುತ್ತವೆ. ಹೊಟ್ಟೆಯಲ್ಲಿದ್ದುದನ್ನೆಲ್ಲ ಊರಿಗೆ ತೋರಿಸಿದವನು ನಾನು, ಸುಖವೆಲ್ಲ ಅವುಗಳದು. ಇರಲಿ. ಮುತಿಂತಾಳ ಪೆಟ್ಟಿಗೆ ಅಂದರೆ ಸಾಕು, ಈಗ ಮೇಲಿನ ಹಣ್ಣನ್ನೂ ಯಾರೂ ನೋಡುವುದಿಲ್ಲವಂತೆ.