ಸನಾತು ಅತ್ತೆಗೆ ಬಿದ್ದ ಕಲ್ಲು

ಉತ್ತರ ಘಾನಾದ ನಮ್ಮ ಕಡೆ ಒಣಗಾಳಿ ಶುರುವಾಯಿತೆಂದರೆ ಮಕ್ಕಳಿಗೆ ಕುತ್ತಿಗೆ ಸೆಟೆಯುವ ಜ್ವರ ಬರುತ್ತದೆ. ಈ ವರ್ಷ ನೆರೆಮನೆಯ ನಪಾರಿಯ ಹಿರಿಮಗ ಮೂರೇ ದಿನದಲ್ಲಿ ತೀರಿಕೊಂಡ. ಸಾಯುವ ಮುಂಚೆ, "ಸನಾತು ಅಜ್ಜಿ ಕನಸಲ್ಲಿ ಅಟ್ಟಿಸ್ಕೊಂಡು ಬಂದ್ಳು" ಎಂದಿದ್ದನಂತೆ.

ಅವಳನ್ನು ಮಾಟಗಾತಿ ಎನ್ನಲು ಊರವರಿಗೆ ಆ ಒಂದು ಮಾತೇ ಸಾಕಾಯಿತು. ಸನಾತು ನಪಾರಿಯ ಸೋದರತ್ತೆ. ತಾಯಿಯಿಲ್ಲದ ಅವನನ್ನು ಕಾಡುಬೀಜ ಆಯ್ದು, ಎಣ್ಣೆ ತೆಗೆದು ಮಾರಿ ಸಾಕಿದವಳು. ಅವಳನ್ನೇ ಪೂಜಾರಿಯ ಮುಂದೆ ನಿಲ್ಲಿಸಿದರು. ಅವನ ಪರೀಕ್ಷೆ ಇಷ್ಟೇ: ಕತ್ತು ಕೊಯ್ದ ಕೋಳಿ ಒದ್ದಾಡಿ ಅಂಗಾತ ಸತ್ತರೆ ನಿರ್ದೋಷಿ, ಬೋರಲು ಸತ್ತರೆ ಮಾಟಗಾತಿ. ಕೋಳಿ ಕೊಟ್ಟವಳು ನಾನೇ. ಅದು ಬೋರಲು ಬಿತ್ತು.

"ಮಗಾ, ನಿನ್ನ ಎತ್ತಿ ಆಡಿಸಿದ ಕೈ ಕಣೋ ಇದು" ಎಂದಳು ಸನಾತು. ನಪಾರಿ ಕಲ್ಲೆಸೆದ. ಹಣೆಯಿಂದ ರಕ್ತ ಸೋರುತ್ತಲೇ ಅವಳು, ಇಂಥ ಮುದುಕಿಯರನ್ನು ದೂಡುವ ದೂರದ ಹಟ್ಟಿಗೆ ನಡೆದುಹೋದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಇವತ್ತಿಗೂ ಅದಕ್ಕೆ ನಾಚಿಕೆಪಡುತ್ತೇನೆ.

ಹತ್ತು ದಿನಕ್ಕೆ ನಪಾರಿಯ ಕಿರಿಮಗ ಇದ್ದಿಗೂ ಜ್ವರವೇರಿ ಕುತ್ತಿಗೆ ಸೆಟೆಯಿತು. ನಪಾರಿ ಪೂಜಾರಿಗೆಂದು ಇನ್ನೊಂದು ಕೋಳಿ ಕೇಳಲು ನನ್ನ ಮನೆಗೆ ಬಂದ. ಅಷ್ಟರಲ್ಲಿ ಜ್ವರದ ಸುದ್ದಿ ಕೇಳಿ ಆಸ್ಪತ್ರೆಯ ನರ್ಸ್ ಅಯಿಷೆಟು ಬೈಕಿನಲ್ಲಿ ಅವನ ಮನೆಗೆ ಬಂದಳು. ನಪಾರಿಯ ಹೆಂಡತಿ, "ಇವನನ್ನೂ ಮಣ್ಣು ಮಾಡಲ್ಲ ನಾನು" ಎಂದು ಮಗುವನ್ನೆತ್ತಿಕೊಂಡು ಹಿಂದೆ ಹತ್ತಿ ಕೂತೇಬಿಟ್ಟಳು. ನಾನೂ ನಪಾರಿಯೂ ಹಿಂದೆ ಓಡಿದೆವು.

ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಾ ನಪಾರಿ ಗೊಣಗಿದ. "ಅತ್ತೆ ಆ ಹಟ್ಟೀಲಿ ಕೂತ್ಕೊಂಡೇ ಮಾಟ ಮಾಡ್ತಿದ್ದಾಳೆ. ಓದಿದೋರಿಗೆ ಇದೆಲ್ಲ ತಲೆಗೆ ಹೋಗಲ್ಲ ಬಿಡಿ ಸಿಸ್ಟರ್."

"ಕೇಳಣ್ಣ," ಎಂದಳು ಅಯಿಷೆಟು. "ಲಂಡನ್ನಲ್ಲಿ ನಮ್ಮಕ್ಕನ ಪಕ್ಕದ ಮನೆಯವಳು ತಾನೇ ಮಾಟಗಾತಿ ಅಂತ ಹೇಳ್ಕೊಂಡು ಓಡಾಡ್ತಾಳೆ. ಹುಣ್ಣಿಮೆ ದಿನ ಗೆಳತೀರ ಜೊತೆ ಮೇಣದಬತ್ತಿ ಹಚ್ಚಿ ಭೂಮಿತಾಯಿನ ಪ್ರಾರ್ಥಿಸ್ತಾಳೆ. ಅದೇ ಅವಳ ಧರ್ಮ."

"ಊರೋರು ಸುಮ್ನೆ ಬಿಟ್ಟಿದ್ದಾರಾ?"

"ಅವಳ ಮನೇಲಿ ಟೀ ಕುಡೀತಾರೆ! ನಾನೂರು ವರ್ಷದ ಹಿಂದೆ ಆಗಿದ್ರೆ ನೇಣಿಗೆ ಹಾಕ್ತಿದ್ರು. ಆಗ ಅಲ್ಲೂ ಮಗು ಸತ್ರೆ ಒಂಟಿ ಮುದುಕೀರನ್ನೇ ಹಿಡೀತಿದ್ರು. ಎಷ್ಟು ಜನನ್ನ ಕೊಂದ್ರೂ ಮಕ್ಕಳು ಸಾಯೋದು ನಿಲ್ಲಲಿಲ್ಲ. ಕಡಿಮೆ ಆಗಿದ್ದು ಔಷಧಿ, ಲಸಿಕೆ ಬಂದ್ಮೇಲೆ. ಆ ಲಂಡನ್ ಹೆಂಗಸು ಮಾಟಗಾತಿ ಅನ್ನೋ ಹೆಸರನ್ನ ಇಷ್ಟಪಟ್ಟು ಇಟ್ಕೊಂಡ್ಳು. ನಿಮ್ಮತ್ತೆಗೆ ನೀನು ಕಲ್ಲು ಹೊಡೆದು ಅದೇ ಹೆಸರು ಇಟ್ಟೆ."

ಇದ್ದಿ ಉಳಿದುಕೊಂಡ. ಕಿವಿ ಮಾತ್ರ ಹೋಯಿತು. ಬೇಗ ಕರೆತಂದಿದ್ದರೆ ಅದೂ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಅದನ್ನು ಕೇಳಿ ನಪಾರಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಮರುವಾರವೇ ನಾವಿಬ್ಬರೂ ಆ ಹಟ್ಟಿಗೆ ಹೋದೆವು. ನಪಾರಿ ಅತ್ತೆಯ ಕಾಲಿಗೆ ಬಿದ್ದ. "ತಪ್ಪಾಯ್ತು ಅತ್ತೆ, ಮನೆಗೆ ಬಾ."

ಸನಾತು ಅವನ ತಲೆ ಸವರಿದಳು. "ನೀನಿನ್ನು ಕಲ್ಲೆತ್ತಲ್ಲ ಮಗಾ, ನಂಗೊತ್ತು. ಊರೋರು? ಮುಂದಿನ ವರ್ಷ ಇನ್ಯಾರದೋ ಮಗೂಗೆ ಜ್ವರ ಬಂದ್ರೆ?"

ಅವಳು ಬರಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಮಕ್ಕಳಿಗೆ ಲಸಿಕೆ ಹಾಕಿಸಿ. ಜ್ವರ ಬಂದು ಕುತ್ತಿಗೆ ಸೆಟೆದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಯಾವ ಮುದುಕಿಯ ಕಡೆಗಾದರೂ ಯಾರಾದರೂ ಬೆರಳು ತೋರಿಸಿದರೆ ನನ್ನಂತೆ ಬಾಯಿಗೆ ಬೀಗ ಹಾಕಿಕೊಳ್ಳಬೇಡಿ. ಹೋಗಿ ಅವಳ ಮುಂದೆ ನಿಂತುಕೊಳ್ಳಿ.